ವರ್ನಾ ಅತ್ತೆಯ ಬಿಲ್ಲಿಗೆ ಹಾವಿನ ಚರ್ಮ

ಜುಲೈ 29, ಬುಧವಾರ

ಅತ್ತೆ ಇವತ್ತು ಊಟದ ಮೇಜಿನಲ್ಲಿ ಉಪ್ಪು ಕೇಳುವ ಹಾಗೆ ಹೇಳಿಬಿಟ್ಟಳು.

"ಶೆಡ್ಡಿನ ಸಾಮಾನೆಲ್ಲ ಆ ಹಳೇ ಸಾಮಾನು ಕೊಳ್ಳೋ ಪ್ರೂಯಿಟ್‌ಗೆ ಮಾರ್ತಿದೀನಿ. ಆಗಸ್ಟ್ ಇಪ್ಪತ್ತೆರಡಕ್ಕೆ ಟ್ರೇಲರ್ ತರ್ತಾನಂತೆ. ಶನಿವಾರ."

"ಎಲ್ಲಾನೂ?"

"ಎಲ್ಲಾನೂ."

"ಬಿಲ್ಲು ಕೆತ್ತೋ ಬೋಡಾರ್ಕ್ ಮರದ ಸೀಳುಗಳೂ?"

"ಶೆಲ್ಬಿ, ಎಲ್ಲಾ ಅಂದ್ರೆ ಎಲ್ಲಾ. ಬೆಂಡೆಕಾಯಿ ಹಾಕ್ಕೋ, ತಣ್ಣಗಾಗ್ತಿದೆ."

ನನಗೆ ಬೆಂಡೆಕಾಯಿ ಇಳಿಯಲಿಲ್ಲ. ಅಪ್ಪ ಪಶ್ಚಿಮ ಟೆಕ್ಸಸ್ಸಿನ ಒಡೆಸ್ಸಾದ ಎಣ್ಣೆ ಬಾವಿಗೆ ಕೆಲಸಕ್ಕೆ ಹೋದ ಮೇಲೆ ನಾನು ಬೆಳೆದದ್ದೇ ಅತ್ತೆ ಬಿಲ್ಲು ಕೆತ್ತುವ ಆ ಶೆಡ್ಡಿನಲ್ಲಿ. ರೆಡ್ ನದಿಯ ಈಚೆ ದಡದಲ್ಲಿ ಮರದ ಬಿಲ್ಲು ಬೇಕು ಅನ್ನುವವರೆಲ್ಲ ವರ್ನಾ ಅತ್ತೆಯನ್ನೇ ಹುಡುಕಿಕೊಂಡು ಬರುತ್ತಾರೆ. ಬರುತ್ತಿದ್ದರು. ಜೂನ್ ಕೊನೆಯಲ್ಲಿ ಸೀಳುಗಳ ಅಟ್ಟಿಯೊಳಗೆ ಕೈ ಹಾಕಿ ಒಂದನ್ನು ಎಳೆಯುವಾಗ ಗಿಲಕಿ ಹಾವು ಕಚ್ಚಿತು. ಬಾಲದ ಗಿಲಕಿ ಅಲ್ಲಾಡಿಸಿ ಎಚ್ಚರಿಸಲೂ ಇಲ್ಲವಂತೆ, ಸುಮ್ಮನೆ ಕಚ್ಚಿತು. ಬಲಗೈ. ತೋರುಬೆರಳಿನ ತುದಿ ಹೋಯಿತು, ನಡುಬೆರಳು ಮಡಚುವುದಿಲ್ಲ. ಹೆದೆ ಎಳೆಯುವ ಬೆರಳುಗಳು ಅವೇ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅಂಗಳದ ಆ ಬದಿಗೇ ಹೋಗಿಲ್ಲ. ಟಿವಿಯಲ್ಲಿ ಹವಾಮಾನ ನೋಡುತ್ತಾಳೆ. ಬೆಳಗಿನಿಂದ ಸಂಜೆವರೆಗೆ ಹವಾಮಾನ. ಶೆಡ್ಡೂ ಹೋದರೆ ಜೀವನಪೂರ್ತಿ ಹವಾಮಾನವೇ.

ಆದರೆ ನನ್ನ ಹತ್ತಿರ ಒಂದು ಉಪಾಯ ಇದೆ. ಸಖತ್ ಉಪಾಯ. ಪಕ್ಕದ ಮನೆಯ ಹಾಲಿಸ್ ಅಂಕಲ್ ಆವತ್ತು ಗುದ್ದಲಿಯಲ್ಲಿ ಕೊಂದ ಆ ಹಾವು ಶೆಡ್ಡಿನ ಫ್ರೀಜರಿನಲ್ಲಿದೆ. ಅತ್ತೆಯನ್ನು ಆಂಬುಲೆನ್ಸಿಗೆ ಹತ್ತಿಸಿದ ಮೇಲೆ ನಾನೇ ಜಿಂಕೆ ಮಾಂಸದ ಕೆಳಗೆ ಇಟ್ಟಿದ್ದೆ. ಅತ್ತೆ ತನಗೆಂದೇ ಮಾಡಿಕೊಂಡ ಬಿಲ್ಲು ಕೆತ್ತಿ ಮುಗಿದು ಗೂಟಕ್ಕೆ ನೇತಾಡುತ್ತಿದೆ, ಎಣ್ಣೆ ಮಾತ್ರ ಕುಡಿಸಬೇಕು. ಆ ಬಿಲ್ಲಿನ ಬೆನ್ನಿಗೆ ಆ ಹಾವಿನ ಚರ್ಮ ಹಚ್ಚಿ ಅವಳ ಕೈಗೆ ಕೊಟ್ಟರೆ? ಕಚ್ಚಿದ ಹಾವೇ ಅವಳ ಬಿಲ್ಲಿನ ಮೇಲೆ!

ಮರದ ಬಿಲ್ಲು ಮಾಡುವವರ ಬೋಡಾರ್ಕ್ ಬಳಗ ಅನ್ನುವ ಗ್ರೂಪಿನ ಚಾಟಿನಲ್ಲಿ ಹಾಕಿದೆ. ಹಾರ್ಟುಗಳ ಸುರಿಮಳೆ. ಗಂಟುಮರ ಅನ್ನುವವನು ಬರೆದ: "ಗುರು, ಇದಕ್ಕಿಂತ ಮಾಸ್ ಐಡಿಯಾ ಈ ಗ್ರೂಪಲ್ಲಿ ಬಂದೇ ಇಲ್ಲ. ಹಂತ ಹಂತವಾಗಿ ಫೋಟೋ ಹಾಕು." ಹಾಕುತ್ತೇನೆ ಅಂದೆ.

ಆಗಸ್ಟ್ 1, ಶನಿವಾರ

ಹಾವು ಕರಗಿತು. ನಾನು ಕೆಲಸ ಮಾಡುವ ಮೇವಿನ ಅಂಗಡಿಗೆ ರಜೆ ಹಾಕಿದೆ. ನನಗೆ ಹೊಟ್ಟೆನೋವು ಅಂತ ಮಾಲೀಕರಿಗೆ ಹೇಳಿದೆ.

ಹೊಟ್ಟೆಯ ಕಡೆಯಿಂದ ಕತ್ತರಿ ಹಾಕಿ ಸುಲಿದೆ. ಚಾಟಿನಲ್ಲಿ ಒಂಟಿಗರಿ ಅನ್ನುವವನು ಪಕ್ಕದಲ್ಲೇ ನಿಂತ ಹಾಗೆ ಹೇಳುತ್ತಿದ್ದ.

"ತಲೆ ಎಲ್ಲಿ? ತಲೆ ಮುಟ್ಟಬೇಡ ಮಗಾ, ಸತ್ತ ಮೇಲೂ ಕಚ್ಚುತ್ತೆ."

"ಹಾಲಿಸ್ ಅಂಕಲ್ ಆವತ್ತೇ ಕತ್ತರಿಸಿ ಹೂತಿದಾರೆ."

"ಸೂಪರ್. ಈಗ ಒಳಬದಿಯ ಕೊಬ್ಬು ಕೆರೆದು ತೆಗಿ. ಪೂರ್ತಿ. ಕಾಣದೇ ಇರೋ ಕೊಬ್ಬೂ ಇರುತ್ತೆ."

ಕೆರೆದೆ. ಕೈ ನೋಯುವವರೆಗೆ ಕೆರೆದೆ. ಹಲಗೆಗೆ ಪಿನ್ನು ಹೊಡೆದು ಹರಡಿ ಒಣಗಲು ಇಟ್ಟೆ. ಐದಡಿಗೂ ಉದ್ದ. ಬೂದು ಮೈಮೇಲೆ ಸಾಲಾಗಿ ವಜ್ರದ ಆಕಾರ. ನಿಜ ಹೇಳಬೇಕೆಂದರೆ ತುಂಬಾ ಚೆನ್ನಾಗಿದೆ. ಫೋಟೋ ಹಾಕಿದ ಹತ್ತೇ ನಿಮಿಷಕ್ಕೆ ಯಾರೋ ಅದನ್ನೇ ತಮ್ಮ ಪ್ರೊಫೈಲಿಗೆ ಹಾಕಿಕೊಂಡರು. ಇಷ್ಟು ದಿನದಲ್ಲಿ ನನಗೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

ಅತ್ತೆ ಕೇಳಿದಳು, "ಶೆಡ್ಡಲ್ಲೇನು ನಿಂಗೆ ಅಷ್ಟೊತ್ತು?"

"ಪ್ರೂಯಿಟ್ ಬರೋಕ್ ಮುಂಚೆ ಗುಡಿಸ್ತಿದೀನಿ."

"ಅಟ್ಟಿ ಹತ್ರ ಹೋಗ್ಬೇಡ."

ಅಷ್ಟೇ ಹೇಳಿದ್ದು. ಮತ್ತೆ ಟಿವಿ.

ಆಗಸ್ಟ್ 6, ಗುರುವಾರ

ಚಾಟಿನಲ್ಲಿ ಮಹಾಯುದ್ಧ. ಒಂದೇ ಹಾವಿನ ಚರ್ಮವನ್ನು ನಡುವೆ ಎರಡು ತುಂಡು ಮಾಡಿ ಬಿಲ್ಲಿನ ಎರಡು ತೋಳಿಗೂ ಹಚ್ಚಬೇಕು. ಅಗಲವಾದ ನಡುಭಾಗ ಹಿಡಿಯ ಹತ್ತಿರ ಬಂದರೆ ಚೆಂದ. ಹಾಗೆ ಮಾಡಿದರೆ ಮೇಲಿನ ತೋಳಿನಲ್ಲಿ ಹುರುಪೆಗಳು ತುದಿಯ ಕಡೆ ಮುಖ ಮಾಡುತ್ತವೆ, ಕೆಳಗಿನ ತೋಳಿನಲ್ಲಿ ಉಲ್ಟಾ, ಹಿಡಿಯ ಕಡೆಗೆ.

ಗಂಟುಮರ: "ಉಲ್ಟಾ ಹುರುಪೆ ಹಚ್ಚೋರು ಷರಟನ್ನೂ ಉಲ್ಟಾ ಹಾಕ್ಕೋತಾರೆ."

ಒಂಟಿಗರಿ: "ಎರಡೂ ಕಡೆ ಸರಿಯಾಗ್ಲಿ ಅಂತ ಇನ್ನೊಂದು ಹಾವಿನ ಹತ್ರ ಅವಳೂ ಕಚ್ಚಿಸ್ಕೋಬೇಕು ಅಂತೀಯೇನೋ?"

ನಕ್ಕು ನಕ್ಕು ಸಾಕಾಯಿತು. ಅತ್ತೆ ಒಳಗಿನಿಂದ "ಏನೇ ಅದು?" ಅಂದಳು. "ಏನಿಲ್ಲ" ಅಂದೆ. ಅವಳ ಎದುರಿಗೆ ಬಟ್ಟಲಲ್ಲಿ ಒಣ ಅವರೆಕಾಳು ಇತ್ತು. ಕಾಳು ಒಂದೊಂದಾಗಿ ಎತ್ತಿ ಇನ್ನೊಂದು ಬಟ್ಟಲಿಗೆ ಹಾಕಬೇಕು, ಕೈಗೆ ವ್ಯಾಯಾಮ. ಬಟ್ಟಲು ಖಾಲಿಯಾಗಿರಲಿಲ್ಲ.

ಆಗಸ್ಟ್ 9, ಭಾನುವಾರ

ಹಚ್ಚಿದೆ!

ಚರ್ಮವನ್ನು ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿದೆ. ಒದ್ದೆ ಬಟ್ಟೆಯ ಹಾಗೆ ಮೆತ್ತಗಾಯಿತು. ಬಿಲ್ಲಿನ ಬೆನ್ನನ್ನು ಮರಳು ಕಾಗದದಿಂದ ಉಜ್ಜಿ, ಮರದ ಅಂಟು ಬಳಿದೆ. ವಜ್ರಗಳ ಸಾಲು ಸರಿಯಾಗಿ ನಡುವೆ ಕೂರಬೇಕು. ಒಂದು ಬದಿಗೆ ಎಳೆದರೆ ಇನ್ನೊಂದು ಬದಿ ಓಡುತ್ತದೆ, ಅದನ್ನು ಹಿಡಿದರೆ ಇದು. ಒಳಗಿನ ಗಾಳಿಯನ್ನು ಹೆಬ್ಬೆರಳಿನಲ್ಲಿ ಅಂಚಿನ ಕಡೆಗೆ ತಳ್ಳುತ್ತಾ ಹೋದೆ. ಆಮೇಲೆ ಸುತ್ತಲು ಪಟ್ಟಿ ಬೇಕು. ಗಾಳಿಯಾಡುವ ಬಟ್ಟೆಯಾಗಿರಬೇಕು ಅಂತ ಚಾಟಿನಲ್ಲಿ ಹೇಳಿದ್ದರು. ಅತ್ತೆಯ ಕೈಗೆ ಸುತ್ತುತ್ತಿದ್ದ ಕ್ರೇಪ್ ಬ್ಯಾಂಡೇಜು ಬಚ್ಚಲಿನ ಡ್ರಾಯರಿನಲ್ಲಿ ಇತ್ತು. ಊತ ಇಳಿದ ಮೇಲೆ ಅವಳಿಗೆ ಬೇಕಾಗಿಲ್ಲ. ಅದನ್ನೇ ತುದಿಯಿಂದ ತುದಿಗೆ ಸುತ್ತಿದೆ.

ಸುತ್ತಿದ ಬಿಲ್ಲಿನ ಫೋಟೋ ನೋಡಿ ಗಂಟುಮರ, "ಆಸ್ಪತ್ರೆಯಿಂದ ಡಿಸ್ಚಾರ್ಜ್ ಯಾವಾಗ?" ಅಂದ.

ಆಗಸ್ಟ್ 12, ಬುಧವಾರ

ಬ್ಯಾಂಡೇಜು ಬಿಚ್ಚಿದೆ. ಹಾಳಾಗಿದೆ. ಮೇಲಿನ ತೋಳಿನ ಅರ್ಧದಷ್ಟು ಜಾಗದಲ್ಲಿ ಚರ್ಮ ಎದ್ದಿದೆ, ಸುಟ್ಟ ಗಾಯದ ಗುಳ್ಳೆಯ ಹಾಗೆ. ಕೆಟ್ಟ ವಾಸನೆ ಬೇರೆ. ಕೊಬ್ಬು. ಕಾಣದೇ ಇರೋ ಕೊಬ್ಬು.

ಹಾಲಿಸ್ ಅಂಕಲ್ ಬಂದದ್ದು ಗೊತ್ತೇ ಆಗಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇದು ಅದೇನಾ?"

"ಅದೇ."

ಟೋಪಿ ತೆಗೆದು ತಲೆ ಕೆರೆದುಕೊಂಡರು. "ಅವಳಿಗೆ ತೋರಿಸ್ತೀಯಾ? ಹುಡುಗಿ, ನಿಂಗೆ ತಲೆಯಲ್ಲಿ ಏನಾದ್ರೂ ಇದೆಯಾ?"

"ಅತ್ತೆ ಗೆದ್ದ ಹಾಗಲ್ವಾ ಅಂಕಲ್?"

"ಗೆದ್ದಿದ್ದು ನನ್ನ ಗುದ್ದಲಿ. ಅವಳು ಸೋತಿದಾಳೆ, ಪಾಪ." ಟೋಪಿ ಮತ್ತೆ ತಲೆಗಿಟ್ಟು ಹೇಳಿದರು, "ನಲವತ್ತು ವರ್ಷದಿಂದ ನೋಡ್ತಿದೀನಿ. ತನ್ನ ಬಿಲ್ಲಿಗೆ ಒಂದು ಸಲಾನೂ ಚರ್ಮ ಹಚ್ಚಿಲ್ಲ ಅವಳು. ಅದರಿಂದ ಬಿಲ್ಲಿಗೆ ಬಲ ಬರಲ್ಲ, ಬರೀ ಶೋಕಿ ಅಂತಾಳೆ. ಗೊತ್ತು ತಾನೆ?"

ಗೊತ್ತಿತ್ತು. ಮರೆತಿದ್ದೆ.

"ಹೇಳ್ಬಿಡ್ತೀರಾ ಅವಳಿಗೆ?"

"ನಾನ್ಯಾಕೆ ಹೇಳ್ಲಿ? ನಿಂಗೂ ಅವಳ ಹತ್ರ ಬೈಸ್ಕೊಳ್ಳೋ ಯೋಗ ಬರ್ಲಿ."

ಆಗಸ್ಟ್ 14, ಶುಕ್ರವಾರ

ಚರ್ಮ ಕಿತ್ತೆ. ಬಿಸಿನೀರಿನ ಬಟ್ಟೆ ಹಾಕಿ ಹಾಕಿ ಅಂಟು ಕರಗಿಸಿ, ಹರಿಯದ ಹಾಗೆ, ಬೆರಳಗಲ ಬೆರಳಗಲ. ಸಂಜೆ ಪೂರ್ತಿ ಅದೇ ಆಯಿತು. ಕೆಳಗಿನ ತೋಳಿನ ತುದಿಯಲ್ಲಿ ಸ್ವಲ್ಪ ಹರಿಯಿತು. ಮತ್ತೆ ಕೊಬ್ಬು ಕೆರೆದೆ, ಈ ಸಲ ಕಣ್ಣಿಂದ ಅಲ್ಲ, ಬೆರಳಿಂದ ನೋಡುತ್ತಾ. ಜಾರುವ ಜಾಗವೆಲ್ಲ ಕೊಬ್ಬು.

ಪ್ರೂಯಿಟ್ ಫೋನ್ ಮಾಡಿದ್ದ. ಅತ್ತೆ "ಹೂಂ, ಶನಿವಾರವೇ" ಅಂದದ್ದು ಕೇಳಿಸಿತು. ಎಡಗೈಯಲ್ಲಿ ಫೋನು, ಬಲಗೈ ತೊಡೆಯ ಕೆಳಗೆ. ಈಗೀಗ ಕೂತಾಗಲೆಲ್ಲ ಆ ಕೈಯನ್ನು ಹಾಗೆ ಬಚ್ಚಿಡುತ್ತಾಳೆ.

ಆಗಸ್ಟ್ 17, ಸೋಮವಾರ

ಮತ್ತೆ ಹಚ್ಚಿದೆ. ಈ ಸಲ ಕೂತಿದೆ. ಗುಳ್ಳೆ ಇಲ್ಲ. ಹೆಬ್ಬೆರಳಿನ ಚರ್ಮ ಸುಲಿದಿದೆ.

ಚಾಟಿನಲ್ಲಿ ಕೇಳಿದೆ, ಇನ್ನೆಷ್ಟು ದಿನ ಬಿಡಬೇಕು?

ಒಂಟಿಗರಿ: "ಒಂದು ವಾರ ಮುಟ್ಟಬೇಡ. ಎರಡು ಸಲ ಒದ್ದೆ ಮಾಡಿದೀಯ."

ಗಂಟುಮರ: "ಹೇರ್ ಡ್ರೈಯರ್ ಇಲ್ವಾ ಮನೇಲಿ? ಎರಡು ದಿನ ಸಾಕು. ನಾನು ಯಾವಾಗಲೂ ಹಾಗೇ ಮಾಡೋದು."

ವಾರ ಬಿಟ್ಟರೆ ಶನಿವಾರ ದಾಟುತ್ತದೆ. ಹೇರ್ ಡ್ರೈಯರ್ ಇದೆ.

ಆಗಸ್ಟ್ 19, ಬುಧವಾರ

ಬ್ಯಾಂಡೇಜು ಬಿಚ್ಚಿ, ಅಂಚು ಉಜ್ಜಿ, ಸಡಿಲವಾದ ಹುರುಪೆಗಳನ್ನು ಟೇಪಿನಲ್ಲಿ ಎತ್ತಿ ತೆಗೆದೆ. ಹೇರ್ ಡ್ರೈಯರ್ ಹಿಡಿದು ಹಿಡಿದು ಶೆಡ್ಡೇ ಒಲೆಯಾಯಿತು. ಆಮೇಲೆ ಒಂದು ಕೈ ಎಣ್ಣೆ ಬಳಿದೆ. ಎಣ್ಣೆ ಬಿದ್ದ ತಕ್ಷಣ ವಜ್ರಗಳೆಲ್ಲ ಕಪ್ಪಾಗಿ ಹೊಳೆದವು, ನಿನ್ನೆ ತಾನೇ ಪೊರೆ ಬಿಟ್ಟ ಹಾವಿನ ಹಾಗೆ.

ಹೆದೆ ಏರಿಸಿದೆ. ಒಂದೆರಡು ಬಾಣ ಅಂತ ಶುರು ಮಾಡಿ ಬತ್ತಳಿಕೆ ಪೂರ್ತಿ ಹೊಡೆದೆ. ಹುಲ್ಲಿನ ಕಂತೆಗೆ ಧಡ್ ಧಡ್ ಅಂತ ಬಿದ್ದವು. ಚಿನ್ನದಂಥ ಬಿಲ್ಲು.

ಹೆದೆ ಇಳಿಸಿದ ಮೇಲೆ ಬಿಲ್ಲು ಸ್ವಲ್ಪ ಬಾಗಿದ ಹಾಗೆ ಕಂಡಿತು. ಮುಂಚೆಯೂ ಹಾಗೇ ಇತ್ತೇನೋ. ನೆನಪಿಲ್ಲ.

ನಾಳೆ ಊಟಕ್ಕೆ ಹಾಲಿಸ್ ಅಂಕಲನ್ನೂ ಕರೆದಿದ್ದೇನೆ. ಆಗ ಕೊಡುತ್ತೇನೆ. ಅವಳು ಅಳಬಹುದು. ಅತ್ತರೆ ಒಳ್ಳೆಯದೇ. ಹಾವು ಕಚ್ಚಿದ ದಿನವೂ ಅತ್ತಿರಲಿಲ್ಲ.

ಆಗಸ್ಟ್ 20, ಗುರುವಾರ

ಪೂರ್ತಿ ಬರೆಯಬೇಕು.

ಊಟ ಮುಗಿಯಿತು. ಸಿಹಿಗೆ ಅಂತ ಪೀಚ್ ಹಣ್ಣಿನ ಕಾಬ್ಲರ್ ಬಡಿಸಿದೆ. ಶೆಡ್ಡಿಗೆ ಹೋಗಿ ಬಿಲ್ಲು ತಂದು ಅತ್ತೆಯ ಎದುರಿಗೆ ತಟ್ಟೆಗಳ ನಡುವೆ ಇಟ್ಟೆ. ಹಾಲಿಸ್ ಅಂಕಲ್ ಚಮಚ ಕೆಳಗಿಟ್ಟರು.

ಅತ್ತೆ ನೋಡಿದಳು. ಮುಟ್ಟಲಿಲ್ಲ. ಸುಮಾರು ಹೊತ್ತು ನೋಡಿದಳು.

"ಅದೇನಾ?"

"ಅದೇ, ಅತ್ತೆ."

ಅವಳ ಮುಖದಲ್ಲಿ ಏನೂ ಇಲ್ಲ. ಬಲಗೈ ಮೇಜಿನ ಕೆಳಗೆ. ಎಡಗೈಯಲ್ಲಿ ಬಿಲ್ಲನ್ನು ಎತ್ತಿದಳು. ಬಿಲ್ಲಿನ ತುದಿಯನ್ನು ಕಣ್ಣಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಬಂದೂಕಿನ ಗುರಿ ನೋಡುವ ಹಾಗೆ ಉದ್ದಕ್ಕೂ ನೋಡಿದಳು. ತಿರುಗಿಸಿ ಇನ್ನೊಂದು ತುದಿಯಿಂದ ನೋಡಿದಳು.

"ಯಾವತ್ತು ಅಂಟು ಹಾಕಿದ್ದು?"

"ಸೋಮವಾರ. ಮೊದಲನೇ ಸಲ ಸರಿಯಾಗಲಿಲ್ಲ, ಕಿತ್ತು ಮತ್ತೆ..."

"ಕಿತ್ತು ಮತ್ತೆ ಒದ್ದೆ ಮಾಡ್ದೆ."

"ಹೂಂ."

"ಹೆದೆ ಯಾವತ್ತು ಏರಿಸ್ದೆ?"

"ನಿನ್ನೆ."

ಅತ್ತೆ ಬಿಲ್ಲನ್ನು ಮೇಜಿನ ಮೇಲಿಟ್ಟಳು.

"ನಿನ್ನೆ!" ಅತ್ತೆ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. "ಬುಧವಾರ! ಎರಡು ದಿನಕ್ಕೆ! ಹಸೀ ಮರಕ್ಕೆ ಹೆದೆ ಏರಿಸ್ದೆಯಲ್ಲೇ! ಅಂಟಿನ ನೀರು, ಚರ್ಮದ ನೀರು, ಎಲ್ಲಾ ಮರ ಕುಡ್ದಿರುತ್ತೆ ಕಣೇ! ನೀರು ಕುಡ್ದ ಮರ ಬಗ್ಗಿಸಿದ್ರೆ ಬಗ್ಗಿದ ಹಾಗೇ ನಿಲ್ಲುತ್ತೆ! ನೋಡಿಲ್ಲಿ, ನೋಡು! ಬಾಳೆಹಣ್ಣು ಮಾಡಿಟ್ಟಿದೀಯಲ್ಲೇ ನನ್ನ ಬಿಲ್ಲನ್ನ!"

"ಹೇರ್ ಡ್ರೈಯರ್ ಹಾಕಿದ್ದೆ ಅತ್ತೆ..."

"ಹೇರ್ ಡ್ರೈಯರ್!" ಅವಳು ಹಾಲಿಸ್ ಅಂಕಲ್ ಕಡೆ ತಿರುಗಿದಳು. "ಕೇಳಿದ್ಯಾ? ತಲೆ ಒಣಗಿಸೋದರಲ್ಲಿ! ಆರು ವರ್ಷ ಅಟ್ಟದ ಮೇಲೆ ಒಣಗಿಸಿದ ಮರ! ಈಗ ಬೆಂಕಿ ಹಿಡ್ದು ನೆಟ್ಟಗೆ ಮಾಡೋಣ ಅಂದ್ರೆ ಚರ್ಮ ಸುಟ್ಟು ಚಕ್ಕುಲಿ ಆಗುತ್ತೆ. ಯಾರು ಹೇಳಿಕೊಟ್ಟೋರು ನಿಂಗೆ?"

"ಗಂಟುಮರ ಅಂತ ಒಬ್ಬ, ಚಾಟಲ್ಲಿ..."

"ಯಾರು?"

"ಗಂಟುಮರ."

ಹಾಲಿಸ್ ಅಂಕಲ್‌ಗೆ ತಡೆಯಲಾಗಲಿಲ್ಲ, ಕಾಬ್ಲರ್ ಮೂಗಿಗೆ ಹೋಯಿತು. ಅತ್ತೆ ಅವರಿಗೂ ಬೈದಳು. "ನಗ್ತೀಯೇನೋ ಮುದುಕಾ? ಆ ಹಾವು ಕಚ್ಚಿದಾಗ ಇಷ್ಟು ಉರಿದಿರಲಿಲ್ಲ ನಂಗೆ!" ಮತ್ತೆ ಬಿಲ್ಲು ಎತ್ತಿ ನೋಡಿದಳು. "ಕೆಳಗಿನ ತೋಳಲ್ಲಿ ಹಾವು ಹಿಂದಕ್ಕೆ ಹರೀತಿದೆ ಬೇರೆ."

ಬಿಲ್ಲನ್ನು ನನ್ನ ಕೈಗೆ ತುರುಕಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಾಣಲೆ ತಿಕ್ಕುತ್ತಾ ನನಗೆ ಅಳು ಬಂತು. ಹಾಲಿಸ್ ಅಂಕಲ್ ತಟ್ಟೆ ಒರೆಸುತ್ತಾ ಹೇಳಿದರು, "ಅಳ್ಬೇಡ. ಅವಳು ಕಿರುಚಿದ್ದು ಕೇಳಿ ಎಷ್ಟು ದಿನ ಆಗಿತ್ತು ಗೊತ್ತಾ?"

ಅದೇನು ಸಮಾಧಾನವೋ. ಬಿಲ್ಲು ಹಾಳಾಯಿತು. ಅವಳಿಗೆಂದೇ ಇದ್ದ ಕೊನೆಯ ಬಿಲ್ಲನ್ನು ನಾನೇ ಹಾಳು ಮಾಡಿದೆ. ನಾಡಿದ್ದು ಟ್ರೇಲರ್ ಬರುತ್ತದೆ.

ಆಗಸ್ಟ್ 21, ಶುಕ್ರವಾರ

ಬೆಳಿಗ್ಗೆ ಅತ್ತೆಯ ಕೋಣೆಯ ಬಾಗಿಲು ಮುಚ್ಚೇ ಇತ್ತು. ನಾನು ಅಂಗಡಿಗೆ ಹೋದೆ, ಮೂಟೆ ಹೊತ್ತೆ, ಬಂದೆ.

ಸಂಜೆ ಐದಕ್ಕೆ ಮನೆಯಲ್ಲಿ ಟಿವಿ ಆರಿತ್ತು. ಅತ್ತೆ ಅಂಗಳದಲ್ಲಿ, ಶೆಡ್ಡಿನ ಬಾಗಿಲ ಹೊರಗೆ ನಿಂತಿದ್ದಳು. ಕೆಲಸದ ಬೂಟು ಹಾಕಿದ್ದಳು. ಎಡಗೈಯಲ್ಲಿ ಹಾಲಿಸ್ ಅಂಕಲ್ ಗುದ್ದಲಿ.

"ಬಾ ಇಲ್ಲಿ. ಅಟ್ಟಿಯಲ್ಲಿ ತುದಿಗೆ ಕೆಂಪು ಬಣ್ಣ ಬಳಿದ ಸೀಳು ಒಂದಿದೆ. ತೆಗಿ."

ನಾನು ಹೋಗಿ ಬಗ್ಗಿದೆ.

"ಕೈ ಹಾಕ್ಬೇಡ! ಮೊದಲು ಬಡಿ!"

ಒಂದು ಕೋಲಿನಿಂದ ಬಡಿದೆ. ಏನೂ ಇಲ್ಲ. ಒಂದು ಎಳೆದೆ.

"ಅದಲ್ಲ. ಅದು ಹಳದಿ. ಕಣ್ಣಿಲ್ವಾ?"

ಇನ್ನೊಂದು ಎಳೆದೆ.

"ಅದರಲ್ಲಿ ಗಂಟಿದೆ. ಆ ನಿನ್ನ ಗಂಟುಮರಕ್ಕೆ ಕೊಡು ಅದನ್ನ. ಕೆಳಗಿದೆ, ಕೆಳಗೆ. ಅಯ್ಯೋ, ಎಡಕ್ಕೆ ಕಣೇ. ನಿಂಗೆ ಎಡ ಯಾವುದು ಬಲ ಯಾವುದು ಅಂತ ಯಾರೂ ಹೇಳಿಕೊಟ್ಟಿಲ್ವಾ?"

"ನೀನೇ ಹೇಳಿಕೊಟ್ಟಿದ್ದು."

"ಸರಿ, ಸರ್ಕೋ."

ಅವಳು ಒಳಗೆ ಬಂದಳು. ಗುದ್ದಲಿಯ ಕಾವಿನಿಂದ ಅಟ್ಟಿಯನ್ನು ಮೇಲಿಂದ ಕೆಳಗೆ ಬಡಿದಳು. ನಿಂತು ಕೇಳಿಸಿಕೊಂಡಳು. ಮತ್ತೆ ಬಡಿದಳು. ಉಸಿರು ಜೋರಾಗಿತ್ತು, ಮೇಲ್ತುಟಿಯ ಮೇಲೆ ಬೆವರು. ಎಡಗೈಯಲ್ಲಿ ಗುದ್ದಲಿ ಇತ್ತಲ್ಲ, ಅದನ್ನು ಬಿಡಲು ಅವಳು ತಯಾರಿರಲಿಲ್ಲ. ಬಲಗೈಯನ್ನು ಒಳಗೆ ಹಾಕಿದಳು. ಮೊಣಕೈವರೆಗೆ. ಕಣ್ಣು ಮುಚ್ಚಿದ್ದಳು. ನಾನು "ಅತ್ತೆ, ನಾನು ತೆಗೀತೀನಿ" ಅಂದೆ. "ಬಾಯ್ ಮುಚ್ಚು" ಅಂದಳು.

ಸೀಳು ಅಲ್ಲಾಡಿತು, ಜಾರಿತು, ಮತ್ತೆ ಅಲ್ಲಾಡಿತು. ಮಡಚದ ಬೆರಳಿನಿಂದ ಹಿಡಿಯಲಾಗದೆ ಅದನ್ನು ಅಂಗೈ ಬುಡದಿಂದ ಒತ್ತಿ ಒತ್ತಿ ಹೊರಗೆ ತಂದಳು. ಕೆಂಪು ತುದಿ. ನೆಟ್ಟಗೆ, ಗಂಟಿಲ್ಲದೆ. ಒಳಗೆ ಕಿತ್ತಳೆ ಹಳದಿ ಬಣ್ಣ.

ನೆಲದ ಮೇಲೆ ಕೂತುಬಿಟ್ಟಳು. ಗುದ್ದಲಿ ಇನ್ನೂ ಕೈಯಲ್ಲೇ.

"ಇದು ನಿಂದು," ಅಂದಳು. "ನೀನೇ ಕೆತ್ತಬೇಕು, ಮೊದಲಿಂದ. ತೊಗಟೆ ತೆಗೆಯೋದರಿಂದ. ಚರ್ಮ ಗಿರ್ಮ ಅಂತ ಬಾಯಿ ಬಿಟ್ರೆ ನೋಡು."

"ನಾಳೆ ಪ್ರೂಯಿಟ್ ಬರ್ತಾನಲ್ಲ ಅತ್ತೆ. ಸಾಮಾನೇ ಇರಲ್ಲ."

ಅವಳು ಸೀಳನ್ನು ನನ್ನ ಕಡೆ ತಳ್ಳಿದಳು. ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆ ಕೈ ಅಟ್ಟಿಯ ಧೂಳು ಮೆತ್ತಿ ಬೂದು ಬಣ್ಣವಾಗಿತ್ತು. ತೊಡೆಯ ಕೆಳಗೆ ಇಡಲಿಲ್ಲ.

ಆಗಸ್ಟ್ 22, ಶನಿವಾರ

ಪ್ರೂಯಿಟ್ ಬೆಳಿಗ್ಗೆ ಬಂದ. ಒಳ್ಳೆಯ ಮನುಷ್ಯ, ದೊಡ್ಡ ಹೊಟ್ಟೆ, ದೊಡ್ಡ ಟ್ರೇಲರ್. ಅತ್ತೆ ಅಂಗಳದ ಮಡಚುವ ಕುರ್ಚಿಯನ್ನು ಅಟ್ಟಿಯ ಎದುರಿಗೇ ಹಾಕಿಕೊಂಡು ಕೂತು ಬನ್ನಿನಂಥ ಮೆತ್ತನೆಯ ಬಿಸ್ಕತ್ತಿಗೆ ಗ್ರೇವಿ ಸುರಿದುಕೊಂಡು ತಿನ್ನುತ್ತಿದ್ದಳು. ತಟ್ಟೆ ತೊಡೆಯ ಮೇಲೆ.

"ಶುರು ಮಾಡ್ಲಾ ವರ್ನಾ ಅವರೇ?"

"ತಿಂಡಿ ಆಗ್ಲಿ."

ಅವನು ಟೋಪಿ ತೆಗೆದು ನಿಂತ. ಅತ್ತೆ ನಿಧಾನಕ್ಕೆ ತಿಂದಳು. ಖಾಲಿ ತಟ್ಟೆಯನ್ನು ನನಗೆ ಕೊಟ್ಟಳು. "ಇನ್ನೊಂದು ಹಾಕ್ಕೊಂಡು ಬಾ." ತಂದುಕೊಟ್ಟೆ. ಅದನ್ನೂ ತಿಂದಳು. ಆಮೇಲೆ ಚಹಾ, ಐಸ್ ಹಾಕಿ.

"ಈಗ?"

"ಬಿಸಿಲು ಜಾಸ್ತಿ ಅಲ್ವಾ ಪ್ರೂಯಿಟ್?"

"ಟೆಕ್ಸಸ್ಸಲ್ಲಿ ಆಗಸ್ಟ್, ವರ್ನಾ ಅವರೇ. ಇನ್ನೇನಿರುತ್ತೆ?" ಅವನು ಟ್ರೇಲರ್ ನೋಡಿದ, ಅವಳನ್ನು ನೋಡಿದ, ನನ್ನನ್ನು ನೋಡಿದ. "ಒಂದು ಮಾತು ಕೇಳ್ಲಾ? ನೀವು ಆ ಕುರ್ಚಿಯಿಂದ ಏಳೋದಿದೆಯಾ?"

"ಇಲ್ಲ ಅನ್ಸುತ್ತೆ. ಅಷ್ಟು ದೂರದಿಂದ ಬಂದಿದೀಯ. ನನ್ನದೇ ತಪ್ಪು, ನಿನ್ನೆನೇ ಫೋನ್ ಮಾಡ್ಬೇಕಿತ್ತು. ಕೂತ್ಕೋ, ತಿಂಡಿ ತಿನ್ನು."

ಅವನು ತಿಂದ, ಎರಡು ತಟ್ಟೆ. ಹೋಗುವಾಗ ಗೂಟದ ಮೇಲಿದ್ದ ಹಾವಿನ ಬಿಲ್ಲು ನೋಡಿ, "ಅದನ್ನಾದ್ರೂ ಕೊಡ್ತೀರಾ?" ಅಂದ. ಅತ್ತೆ, "ಅದು ಹಾಳಾಗಿರೋದು, ಮಾರೋಕ್ ನಾಚಿಕೆ ಆಗುತ್ತೆ" ಅಂದಳು. ಖಾಲಿ ಟ್ರೇಲರ್ ಗಡಗಡ ಸದ್ದು ಮಾಡುತ್ತಾ ಹೋಯಿತು.

ನಾನು ತೊಗಟೆ ತೆಗೆಯಲು ಕೂತೆ. ಅತ್ತೆ ಹಿಂದೆ ನಿಂತು ಬೈಯುತ್ತಿದ್ದಳು. ಬಿಸಿಲು ಇಳಿದ ಮೇಲೆ ಅವಳು ಆ ಬಾಳೆಹಣ್ಣನ್ನು ಗೂಟದಿಂದ ಇಳಿಸಿ, ಮೊಣಕಾಲಿನಲ್ಲಿ ಒತ್ತಿ, ನನ್ನಿಂದ ಹೆದೆ ಏರಿಸಿಕೊಂಡಳು. ಬಲಗೈಯ ಅಂಗೈ ಬುಡಕ್ಕೆ ಹಿಡಿಯನ್ನು ಕೊಟ್ಟು ಮುಂದಕ್ಕೆ ಚಾಚಿದಳು. ಬೆರಳು ಬೇಕಾಗಲಿಲ್ಲ. ಎಡಗೈಯಲ್ಲಿ ಹೆದೆ ಎಳೆದಳು. ಉಲ್ಟಾ. ಅವಳು ಉಲ್ಟಾ ಎಳೆದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಬಾಣ ಹುಲ್ಲಿನ ಕಂತೆಯ ಮೇಲಿಂದ ಹಾರಿ, ಬೇಲಿ ದಾಟಿ, ಹಾಲಿಸ್ ಅಂಕಲ್ ತೋಟದೊಳಗೆ ಹೋಯಿತು.

"ವರ್ನಾ! ನನ್ನ ಕಲ್ಲಂಗಡಿ!" ಅಂತ ಆ ಕಡೆಯಿಂದ ಕೂಗಿದರು.

ಅತ್ತೆ ಬಿಲ್ಲಿಗೆ ಬೈದಳು. ಆಮೇಲೆ ಹೇರ್ ಡ್ರೈಯರಿಗೆ. ಆಮೇಲೆ ನನಗೆ.

ಆಮೇಲೆ ನನ್ನ ಕಡೆ ನೋಡದೆ, ಇನ್ನೊಂದು ಬಾಣಕ್ಕೆ ಕೈ ಚಾಚಿದಳು.